ಅಧ್ಯಕ್ಷರ ಚೀಟಿ

"ಚೀಟಿ ಎಲ್ಲೈತ್ರಿ?" ಮುಳ್ಳುಬೇಲಿಯ ಮುಂದೆ ಕೋಲು ಅಡ್ಡ ಹಿಡಿದು ಹೋಮ್‌ಗಾರ್ಡ್ ಪ್ರೇಮಕುಮಾರ ಕೇಳಿದ.

ಶೆಟ್ಟೆವ್ವನ ಬಳಿ ಚೀಟಿ ಇರಲಿಲ್ಲ. ಅವಳ ಬೆನ್ನ ಹಿಂದೆ ಅನೀಲಕುಮಾರನ ಟೆಂಪೊ ನಿಂತಿತ್ತು. ಒಳಗೆ ಗೋಣಿಚೀಲದ ಮೇಲೆ ಅವಳ ಮಗಳು ವಿಜಯಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡು ನರಳುತ್ತಿದ್ದಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಹುಡುಗಿ. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆ, ಮಧ್ಯಾಹ್ನದೊಳಗೆ ಇಂಡಿ ಪಟ್ಟಣದ ದವಾಖಾನೆ ಮುಟ್ಟದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಆಶಾ ಕಾರ್ಯಕರ್ತೆ ಸುಮಂಗಲಾ ಹೇಳಿಬಿಟ್ಟಿದ್ದಳು. ಆಂಬುಲೆನ್ಸಿಗೆ ಫೋನು ಹಚ್ಚಿದರೆ, ಅದು ಉಸಿರು ಕಟ್ಟಿದ ರೋಗಿಯನ್ನು ಹೊತ್ತು ವಿಜಯಪುರಕ್ಕೆ ಹೋಗಿದೆ, ಮರಳುವುದು ಯಾವಾಗಲೋ ಗೊತ್ತಿಲ್ಲ ಎಂದರು.

ಊರಿನ ಎರಡೂ ದಾರಿಗೆ ಜಾಲಿಮುಳ್ಳಿನ ಬೇಲಿ ಬಿದ್ದು ಹದಿನೆಂಟು ದಿನವಾಗಿತ್ತು. ಕೊರೊನಾದ ಎರಡನೆಯ ಅಲೆಯ ಕಾಲವದು. ಸರಕಾರ ಪಂಚಾಯಿತಿಗೊಂದು ಕಾರ್ಯಪಡೆ ಮಾಡಿ, ಆಯಾ ಅಧ್ಯಕ್ಷರನ್ನೇ ಅದರ ಮುಖ್ಯಸ್ಥರನ್ನಾಗಿಸಿತ್ತು. ಒಂದೇ ವಾರದಲ್ಲಿ ನಾಲ್ಕು ಹೆಣ ಹೊತ್ತಿದ್ದ ಊರು, ಬೇಲಿ ಬಿದ್ದಾಗ ಸದ್ಯ ಬದುಕಿದೆವು ಎಂದುಕೊಂಡಿತು. ಪಕ್ಕದ ಬೇವಿನ ಮರಕ್ಕೆ ಮೊಳೆ ಹೊಡೆದು ಆಜ್ಞೆಯ ಕಾಗದ ತೂಗುಹಾಕಿದರು. ಅಧ್ಯಕ್ಷರ ಸಹಿಯಿರುವ ಚೀಟಿ ಇಲ್ಲದೆ ಯಾವ ಗಾಡಿಯೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ.

ಪ್ರೇಮಕುಮಾರ ಸಿಂದಗಿ ಕಡೆಯವನು. ಬಂದು ಮೂರು ದಿನವಾಗಿತ್ತು. ಈ ಊರಿನ ಬಗ್ಗೆ ಅವನಿಗೆ ಗೊತ್ತಿದ್ದುದು ಆ ಕಾಗದವೊಂದೇ. ಅವನಿಗಿಂತ ಮೊದಲಿದ್ದವನು ಚೀಟಿಯಿಲ್ಲದೆ ಒಂದು ಗಾಡಿ ಬಿಟ್ಟು ಕೆಲಸ ಕಳೆದುಕೊಂಡಿದ್ದ.

ಶೆಟ್ಟೆವ್ವ ಓಡಿದಳು.

ಊರಿನಲ್ಲಿ ಅಧ್ಯಕ್ಷರು ಎಂದರೆ ಶ್ರೀಶೈಲಪ್ಪನವರು. ತೊದಲು ಮಾತಿನ ಕೂಸೂ ಅವರನ್ನು ಹಾಗೆಯೇ ಕರೆಯುತ್ತದೆ. ಇಪ್ಪತ್ತು ವರ್ಷಗಳಿಂದ ಪಂಚಾಯಿತಿಯ ಠರಾವು, ಜಗಳ, ರಾಜಿ ಎಲ್ಲವೂ ನಡೆಯುವುದು ಅವರ ಪಡಸಾಲೆಯಲ್ಲಿ. ಶೆಟ್ಟೆವ್ವ ಅವರ ನಿಂಬೆ ತೋಟದ ಆಳು. ಈಚೆಗೆ ಸೋಮವಾರಕ್ಕೊಮ್ಮೆ ಅವಳನ್ನು ತೋಟದಿಂದ ಕರೆಸಿ, ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಏನು ಕಾಗದ ಎಂದು ಅವಳು ಕೇಳಿದವಳಲ್ಲ. ಸಾಕ್ಷರತಾ ಕೇಂದ್ರದಲ್ಲಿ ಅವಳು ಕಲಿತದ್ದು ತನ್ನ ಹೆಸರೊಂದನ್ನೇ. ಅದರ ಒತ್ತಕ್ಷರವೂ ಪ್ರತಿಸಲ ಗೆರೆ ದಾಟಿ ಕೆಳಗೆ ಜಾರುತ್ತಿತ್ತು. ಸಾಲಿನೊಳಗೆ ಬರೆಯಲು ಬರುವುದಿಲ್ಲವೇ ಎಂದು ಅವರು ರೇಗುತ್ತಿದ್ದರು, ಇವಳು ನಾಚಿ ತಲೆ ತಗ್ಗಿಸುತ್ತಿದ್ದಳು.

ಮೆಟ್ಟಿಲ ಕೆಳಗೆ ನಿಂತು, ಏದುಸಿರು ಬಿಡುತ್ತಲೇ ಎಲ್ಲ ಹೇಳಿಕೊಂಡಳು. ಶ್ರೀಶೈಲಪ್ಪನವರು ಚಹಾದ ಬಸಿ ಕೆಳಗಿಟ್ಟು ಮಾಸ್ಕನ್ನು ಮೂಗಿಗೆ ಏರಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಆ ನಾಲ್ಕು ಹೆಣಗಳಲ್ಲಿ ಒಂದು ಅವರ ಅಣ್ಣನದು. ಹೆದರಿಕೆ ಅವರ ಎದೆಯಲ್ಲಿ ಬೇರುಬಿಟ್ಟಿತ್ತು.

"ಒಬ್ಬಾಕಿಗೆ ಬಿಟ್ಟರ ನಾಳೆ ಊರೇ ಬಂದು ನಿಂದರತೈತಿ," ಎಂದರು. "ಇಂಡಿಗೆ ಹೋದ ಗಾಡಿ ಏನೇನು ಹೊತ್ಕೊಂಡು ಬರ್ತೈತೋ. ಆಂಬುಲೆನ್ಸ್ ಬರೂತನಕ ಕಾಯಿ."

"ಅಲ್ಲೀತನಕ ಉಳಿಯಂಗಿಲ್ರಿ, ಎಪ್ಪಾ. ಒಂದು ಸಹಿ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಸಹಿ ಹಾಕಾಕ ನಾ ಯಾರು, ಶೆಟ್ಟೆವ್ವ? ಕಮಿಟಿ ಮಾಡಿದ ಕಾಯ್ದೆ ಅದು."

ಅವರು ಎದ್ದು ಒಳಗೆ ಹೋದರು. ಅಗಳಿ ಬಿದ್ದ ಸದ್ದು ಕೇಳಿಸಿತು. ಆ ಬಾಗಿಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ. ಆದರೆ ಹೊತ್ತು ಏರುತ್ತಿತ್ತು.

ಬೇಲಿಗೆ ಮರಳಿದವಳು ಯಾರನ್ನೂ ಕೇಳಲಿಲ್ಲ. ಬರಿಗೈಯನ್ನೇ ಮುಳ್ಳಿನೊಳಗೆ ತೂರಿಸಿ ಎಳೆಯತೊಡಗಿದಳು. ಅಂಗೈ ಹರಿದು ರಕ್ತ ಮೊಣಕೈವರೆಗೆ ಇಳಿಯಿತು. ಪ್ರೇಮಕುಮಾರ ಅವಳ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದ. ಅವನ ಕಣ್ಣಲ್ಲೂ ನೀರು.

"ನನ್ನ ಅನ್ನ ಕಸೀಬ್ಯಾಡ್ರಿ, ಯವ್ವಾ. ನನಗೂ ಮಕ್ಕಳದಾವು." ಬೇವಿನ ಮರದ ತನಕ ಕರೆದುಕೊಂಡು ಹೋಗಿ ಕಾಗದದ ಬುಡಕ್ಕೆ ಬೆರಳಿಟ್ಟ. "ಇಲ್ಲಿ ನೋಡ್ರಿ, ಅಧ್ಯಕ್ಷರ ಸಹಿ. ಇಂಥಾದ್ದೊಂದು ಸಹಿ ತರ್ರಿ, ನಾನೇ ಬೇಲಿ ಎಳೀತೇನಿ."

ಹದಿನೆಂಟು ದಿನ ಅವಳು ಆ ಮರದ ಕೆಳಗೇ ಓಡಾಡಿದ್ದಳು. ಓದು ಬಾರದವಳು ಕಾಗದವನ್ನೇಕೆ ನೋಡುತ್ತಾಳೆ? ಇವತ್ತು ಬೆರಳು ತೋರಿಸಿದ ಕಡೆ ನೋಡಿದಳು. ನೋಡುತ್ತಲೇ ನಿಂತಳು. ಅವಳ ಅಳು ತಟ್ಟನೆ ನಿಂತಿತು.

ಟೆಂಪೊದಿಂದ ವಿಜಯಶ್ರೀ ಅವ್ವಾ ಎಂದು ಚೀರಿದಳು.

ಶೆಟ್ಟೆವ್ವ ಅನೀಲಕುಮಾರನಿಂದ ಪೆನ್ನು ಕೇಳಿ ಇಸಿದುಕೊಂಡಳು. ಅವನ ಜೇಬಿನಲ್ಲಿದ್ದ ನಿಂಬೆ ಮಾರುಕಟ್ಟೆಯ ಹಳೆಯ ರಸೀದಿಯ ಬೆನ್ನನ್ನು ಬಾನೆಟ್ಟಿನ ಮೇಲೆ ಹರವಿ, ರಕ್ತದ ಕೈಯಿಂದ ಒಂದೊಂದೇ ಅಕ್ಷರ ತಿದ್ದಿದಳು. ಚೀಟಿಯನ್ನು ಪ್ರೇಮಕುಮಾರನ ಮುಂದೆ ಹಿಡಿದಳು.

ಅವನು ಚೀಟಿ ನೋಡಿದ. ಮರದ ಮೇಲಿನ ಕಾಗದ ನೋಡಿದ. ಮತ್ತೆ ಚೀಟಿ ನೋಡಿದ.

"ನಿಮ್ಮ ಹೆಸರೇನ್ರಿ?" ಎಂದು ಕೇಳಿದ. ಅವಳು ಹೇಳಿದಳು. ಅವನು ಕೋಲು ಬಿಸಾಕಿ ಎರಡೂ ಕೈಯಿಂದ ಬೇಲಿ ಹಿಡಿದ.

ಮೂರು ತಿಂಗಳ ಹಿಂದೆ ಅಧ್ಯಕ್ಷರ ಸ್ಥಾನ ಅವಳ ಜಾತಿಯ ಹೆಂಗಸಿಗೆ ಮೀಸಲಾದಾಗ, ಅವಳನ್ನು ಮುಂದೆ ಮಾಡಿ ಗೆಲ್ಲಿಸಿದ್ದು ಶ್ರೀಶೈಲಪ್ಪನವರೇ. ಇಡೀ ಊರಿಗೆ ಅದು ಗೊತ್ತಿತ್ತು, ಆದರೆ ಯಾರಿಗೂ ನೆನಪಿರಲಿಲ್ಲ, ಶೆಟ್ಟೆವ್ವನಿಗೂ.

ಬೇವಿನ ಮರದ ಕಾಗದದಲ್ಲಿ ಅವಳಿಗೆ ಓದಲು ಬರುತ್ತಿದ್ದುದು ಒಂದೇ ಪದ, ಅಧ್ಯಕ್ಷರ ಸಹಿಯ ಜಾಗದಲ್ಲಿ ಒತ್ತಕ್ಷರ ಗೆರೆ ದಾಟಿ ಕೆಳಗೆ ಜಾರಿದ್ದ ತನ್ನದೇ ಹೆಸರು.