ಸಫಿನಾಜಳ ಕಲ್ಲುಮನೆ

ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿತ್ತು. ಅಕ್‌ಕಾವಕ್ ಹಳ್ಳಿಯ ಅಂಗಳಗಳಲ್ಲೆಲ್ಲ ತಾಮ್ರದ ಕೊಪ್ಪರಿಗೆಗಳು ಒಲೆ ಏರಿದ್ದವು. ರಸ ಕುದಿದು ಪಾಕವಾಗುತ್ತಿತ್ತು. ಬೀದಿ ನಾಯಿಗಳ ಮೂತಿಯೂ ಅಂಟಂಟಾಗಿತ್ತು. ಸಫಿನಾಜ್ ತನ್ನ ಕೊಪ್ಪರಿಗೆಯ ನೊರೆ ತೆಗೆಯಲು ಎದ್ದದ್ದೇ ತಡ, ಮನೆ ನೋಡಲು ಬಂದಿದ್ದವನು ಟೋಪಿ ಎತ್ತಿಕೊಂಡು ಗೇಟಿನ ಕಡೆ ನಡೆದ.

“ಸಾಹೇಬ್ರೇ, ಮಹಡಿ ನೋಡೋದು ಬಾಕಿ ಇದೆ,” ಎಂದು ದಲ್ಲಾಳಿ ಬುರ್ಹಾನ್ ಹಿಂದೆ ಓಡಿದ.

“ಪೇಟೇಲಿ ಅರ್ಜೆಂಟ್ ಕೆಲಸ,” ಎಂದ ನಿವೃತ್ತ ಸ್ಟೇಷನ್ ಮಾಸ್ತರ. ಅವನ ಕಣ್ಣಲ್ಲಿ ನೀರಿತ್ತು.

ಬುರ್ಹಾನ್ ಹಿಂದಿರುಗಿ ಬಂದು ಕುಳಿತ. ಮಾಸ್ತರನ ಕಾಫಿ ಒಂದೇ ಗುಟುಕು ಇಳಿದಿತ್ತು. ಬುರ್ಹಾನನ ಬಟ್ಟಲು ಖಾಲಿ. ಸಫಿನಾಜ್ ಕೊಡುವ ಸಿಹಿ ಕಾಫಿಯನ್ನು ಅವನು ಎಂದೂ ಉಳಿಸಿದವನಲ್ಲ.

“ಏನಂದ್ರಿ ಚಿಕ್ಕಮ್ಮ ಅವರಿಗೆ?”

“ಗೋಡೆ ಗಟ್ಟಿ, ಬಾವೀಲಿ ನೀರಿದೆ ಅಂದೆ. ನೀನೂ ಇಲ್ಲೇ ಕೂತಿದ್ದೆಯಲ್ಲ, ಮಗ.”

ಅದು ನಿಜ. ಹೊಗಳದೆ ಇರಲು ಆ ಮನೆಯಲ್ಲಿ ಏನೂ ಇರಲಿಲ್ಲ. ಹಳದಿ ಕಲ್ಲಿನ ಗೋಡೆ, ನಾಲ್ಕು ಕಡೆಯೂ ಸ್ವಂತ ಜಾಗ, ಕೆಳಗೆ ಬಂಡೆ ಕೊರೆದ ನೆಲಮಾಳಿಗೆ, ಮೇಲೆ ಗಾಳಿ ಬೆಳಕಿನ ಕೋಣೆಗಳು, ಹಿಂದೆ ಅಕ್ರೋಟಿನ ಮರ. ಗಂಡ ತೀರಿ ಕೆಲವು ವರ್ಷ ಕಳೆದ ಮೇಲೆ, “ಇಷ್ಟು ದೊಡ್ಡ ಮನೆ, ಒಬ್ಬಳ ಕೈಲಾಗೋ ಮಾತಲ್ಲ,” ಎಂದು ಸಫಿನಾಜಳೇ ಮಾರಾಟದ ಬೋರ್ಡು ಬರೆಸಿ ಗೇಟಿಗೆ ಹೊಡೆಸಿದ್ದಳು.

ದಲ್ಲಾಳಿ ಕೆಲಸದಲ್ಲಿ ಬುರ್ಹಾನನಿಗೆ ಇದು ಮೊದಲ ಮನೆ. ಚಹಾ ಅಂಗಡಿಯಲ್ಲಿ ಅವನು ಕೊಚ್ಚಿಕೊಂಡದ್ದು ಊರಿಗೇ ಗೊತ್ತು.

“ಈ ಮನೆ ಮಾರೋದೇನು ಮಹಾ? ಹೆಣ್ಣು ನೋಡೋಕೆ ಹೋದಾಗ ಗಂಡಿನ ಪರೀಕ್ಷೆಗೆ ಅಂತ ಕಾಫಿಗೆ ಉಪ್ಪು ಹಾಕಿ ಕೊಡ್ತಾರಲ್ಲ, ಎಲ್ಲ ಹುಡುಗೀರೂ ಚಿಟಿಕೆ ಹಾಕಿದ್ರೆ ನನ್ನೋಳು ಚಮಚ ಸುರಿದಿದ್ಲು. ಮುಖ ಕಿವುಚಿದ್ರೆ ಸಂಬಂಧ ಮುರೀತು. ನಾನು ತಳದ ಗಸಿಯವರೆಗೂ ಇಳಿಸಿದೆ.”

ಎಲ್ಲರೂ ನಕ್ಕರು, ಅವನ ಮಾವ ರಹ್ಮಿಯೊಬ್ಬನನ್ನು ಬಿಟ್ಟು. ಗಿರಣಿಯ ರಹ್ಮಿ ಹೆಂಡತಿ ಸತ್ತಂದಿನಿಂದ ನಕ್ಕದ್ದನ್ನು ಕಂಡವರಿಲ್ಲ. ದಲ್ಲಾಳಿ ಅಂಗಡಿಯ ಬಾಡಿಗೆಗೆ ಸಾಲ ಕೊಟ್ಟವನೂ ಅವನೇ.

“ಉಪ್ಪು ಕುಡಿದಷ್ಟು ಸುಲಭ ಅಲ್ಲ ವ್ಯಾಪಾರ, ಅಳಿಯಂದಿರೇ. ಪಾಕದ ಒಲೆ ಆರೋದ್ರೊಳಗೆ ಆ ಮನೆ ಮಾರಿ. ಇಲ್ಲಾಂದ್ರೆ ಗಿರಣಿಗೆ ಬಂದು ಮೂಟೆ ಹೊತ್ತು ಸಾಲ ತೀರಿಸಿ.”

ಬುರ್ಹಾನನಿಗೆ ಹಿಟ್ಟಿನ ಧೂಳು ಆಗದು. ಗಿರಣಿಯ ಹೆಸರು ಕೇಳಿದರೆ ಸಾಕು, ಮೂಗು ತುರಿಸುತ್ತಿತ್ತು.

ಗಿರಾಕಿ ಸಿಕ್ಕಾಗಲೆಲ್ಲ ಅವನು ಮೊದಲೇ ಹೇಳಿಕಳಿಸುತ್ತಿದ್ದ. ಸಫಿನಾಜ್ ಕೇಳುತ್ತಿದ್ದುದು ಒಂದೇ ಮಾತು: “ಸಂಸಾರಸ್ಥರೋ, ಒಂಟಿಯೋ? ಎಷ್ಟು ಬಟ್ಟಲು ಇಡ್ಬೇಕು ಗೊತ್ತಾಗ್ಬೇಕಲ್ಲ.”

ಮಾಸ್ತರನಿಗಿಂತ ಮೊದಲು ಪೇಟೆಯಿಂದ ಗಂಡ ಹೆಂಡತಿ ಬಂದಿದ್ದರು. ಕಾಫಿ ಹೊಗಳಿ ಮತ್ತೊಮ್ಮೆ ಹಾಕಿಸಿಕೊಂಡರು. ಹೆಂಡತಿ ಅಡುಗೆಮನೆಯಲ್ಲಿ ಆಗಲೇ ಪಾತ್ರೆ ಜೋಡಿಸುವ ಕಪಾಟು ಅಳೆಯುತ್ತಿದ್ದಳು. ಆಗ ಸಫಿನಾಜ್ ತಣ್ಣಗೆ, “ಚೇಳಿಗೆ ಹೆದರ್ತೀರಾ?” ಎಂದಳು. ಆಮೇಲೆ ಛಾವಣಿ ತೋರಿಸಿ, ಚಳಿಗಾಲದಲ್ಲಿ ಹಿಮ ಹಾಸಿಗೆಗೇ ಬೀಳುತ್ತದೆ ಎಂದಳು. ಅವರು ಮತ್ತೆ ಬರಲಿಲ್ಲ.

“ಯಾಕೆ ಚಿಕ್ಕಮ್ಮ ಹಾಗಂದ್ರಿ?”

“ದೋಷ ಮುಚ್ಚಿಟ್ಟು ಮಾರಲಾ?”

ಔಷಧಿ ಅಂಗಡಿಯವನು ಒಬ್ಬನೇ ಬಂದಾಗ ಬುರ್ಹಾನ್ ಅವಳ ಬಾಯಿಯನ್ನೇ ಕಾಯುತ್ತ ಕುಳಿತ. ಅವಳು ಇಸ್ತ್ರಿ ಮಾಡಿದ ನೀಲಿ ತಲೆವಸ್ತ್ರ ಕಟ್ಟಿಕೊಂಡು ಬಂದು ಮನೆಯನ್ನು ಹೊಗಳಿದ್ದೇ ಹೊಗಳಿದ್ದು. ಚೇಳಿನ ಸೊಲ್ಲಿಲ್ಲ. ಆದರೂ ಬಂದವನು ಕಾಫಿ ಕುಡಿಯುತ್ತಲೇ ಎದೆ ಹಿಡಿದುಕೊಂಡು ಕೆಮ್ಮಿ, “ಆಲೋಚಿಸಿ ಹೇಳ್ತೀನಿ,” ಎಂದು ಹೊರಟ. ದೃಷ್ಟಿಯೇ ತಗುಲಿದೆ ಎಂದುಕೊಂಡು ಬುರ್ಹಾನ್ ಗೇಟಿಗೆ ನೀಲಿ ಮಣಿ ಕಟ್ಟಿದ. ಅದಾದ ಮೇಲೆ ಬಂದವನೇ ಈ ಸ್ಟೇಷನ್ ಮಾಸ್ತರ.

ಮಾಸ್ತರನೂ ಹೋದ ಸುದ್ದಿ ಗಿರಣಿ ಮುಟ್ಟಿತು. “ಅಂಥ ಮನೇನೂ ಮಾರಕ್ಕಾಗಲ್ವಾ? ನಡಿ, ದೋಷ ಮನೇಲಿದೆಯೋ ನಿನ್ನಲ್ಲಿದೆಯೋ ನಾನೇ ನೋಡ್ತೀನಿ,” ಎಂದು ರಹ್ಮಿ ಮೈಮೇಲಿನ ಹಿಟ್ಟು ಕೊಡವಿ ಎದ್ದ.

ಬುರ್ಹಾನ್ ಮುಂದೆ ಓಡಿಬಂದ. “ಚಿಕ್ಕಮ್ಮ, ಮಾವ ಬರ್ತಿದಾರೆ. ಕೊಳ್ಳೋಕಲ್ಲ, ನನ್ನ ಬೈಯೋಕೆ.”

“ಒಬ್ರೇನಾ?”

“ಅವರ ಬಾಯಿಗೆ ಹೆದರದೆ ಇನ್ಯಾರು ಜೊತೆಗಿರ್ತಾರೆ?”

ಸಫಿನಾಜ್ ಒಳಗೆ ಹೋದಳು. ತಟ್ಟೆ ಹಿಡಿದು ಹೊರಬಂದಾಗ ತಲೆಯ ಮೇಲೆ ನೀಲಿ ವಸ್ತ್ರವಿತ್ತು.

ರಹ್ಮಿ ಒಂದು ಗುಟುಕು ಕುಡಿದು ನಿಂತ. ಮೀಸೆ ಅಲುಗಲಿಲ್ಲ. ಅವಳನ್ನೇ ಒಂದಷ್ಟು ಹೊತ್ತು ನೋಡಿದ. ಆಮೇಲೆ ನಿಧಾನವಾಗಿ, ಗಸಿ ಕಾಣುವವರೆಗೂ ಕುಡಿದು ಬಟ್ಟಲನ್ನು ಕೆಳಗಿಟ್ಟ.

“ನಿಮ್ಮ ಕೈಗೆ ಆಯುಷ್ಯ ಬರಲಿ. ಇನ್ನೊಂದು ಬಟ್ಟಲು ಸಿಗತ್ತಾ?”

ಬುರ್ಹಾನ್ ಬಾಯಿ ಬಿಟ್ಟುಕೊಂಡು ನೋಡಿದ. ಮಾವ ಯಾರ ಮನೆಯಲ್ಲೂ ಎರಡನೆಯ ಬಟ್ಟಲು ಕೇಳಿದವನಲ್ಲ.

ಸಫಿನಾಜ್ ಅದನ್ನೂ ತಂದಿಟ್ಟಳು. “ಛಾವಣಿ ಹೋದ ವರ್ಷ ಹೊಸದಾಗಿ ಹೊದಿಸಿದ್ದು. ಬನ್ನಿ, ಮೇಲೆ ತೋರಿಸ್ತೀನಿ.”

“ಚೇಳು?” ಎಂದ ಬುರ್ಹಾನ್.

“ಈ ಮನೇಲಿ ಚೇಳು ಎಲ್ಲಿಂದ ಬರ್ಬೇಕು, ಮಗ? ಹೋಗು, ಆ ಬೋರ್ಡು ಕಿತ್ತು ಒಲೆಗೆ ಹಾಕು. ಮನೆ ಮಾರಲ್ಲ.”

ಬುರ್ಹಾನನ ಮೂಗು ತುರಿಸತೊಡಗಿತು. “ಹಾಗಾದ್ರೆ ನನ್ನ ಗತಿ ಗಿರಣೀನೇ.”

“ಬೇಡ,” ಎಂದ ರಹ್ಮಿ. “ಬಾಡಿಗೆ ಸಾಲ ತೀರಿತು ಅಂದ್ಕೋ.”

“ಮನೆ ಮಾರಲಿಲ್ಲವಲ್ಲ, ಮಾವ?”

“ನಿನ್ನ ಕೆಲಸ ನೀನು ಮಾಡಿದೀಯ.” ರಹ್ಮಿ ನಗುತ್ತಿದ್ದ.

ಇಬ್ಬರೂ ಮೆಟ್ಟಿಲೇರಿ ಹೋದರು. ಬುರ್ಹಾನ್ ಬೋರ್ಡು ಕಿತ್ತು, ಮುರಿದು, ಕೊಪ್ಪರಿಗೆಯ ಕೆಳಗೆ ತುರುಕಿದ. ಬಣ್ಣ ಹತ್ತಿಕೊಂಡು ಹೊಗೆಯೆದ್ದಿತು, ಗಂಟಲು ಒಣಗಿತು. ಮಾವನ ಎರಡನೆಯ ಬಟ್ಟಲು ತಟ್ಟೆಯಲ್ಲೇ ಉಳಿದಿತ್ತು. ಎತ್ತಿ ಒಂದು ಗುಟುಕು ಕುಡಿದ.

ಉಪ್ಪು. ಚಿಟಿಕೆಯಲ್ಲ, ಚಮಚ.