ಮಾಸ್ತರರು ಬಯ್ಯದ ದಿನ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಹುಮನಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಊರಲ್ಲಿ ನಾವು ಯೆಹೂದಿಗಳು ಮೂರೇ ಮನೆ. ಪ್ರಾರ್ಥನೆ ಬಾಯಿಪಾಠವಿದ್ದರೂ ಹೀಬ್ರೂ ಅಕ್ಷರ ಬಾರದ ಹಿರಿಯರಿಗಾಗಿ ನಮ್ಮವರೇ ಆದ ಮಾಸ್ತರರು ತಮ್ಮ ಪಡಸಾಲೆಯಲ್ಲಿ ಭಾನುವಾರದ ಶಾಲೆ ತೆರೆದಿದ್ದರು. ಬಸವಕಲ್ಯಾಣದಿಂದಲೂ ಇಬ್ಬರು ಬಸ್ಸು ಹಿಡಿದು ಬರುತ್ತಿದ್ದರು. ಉಚ್ಚಾರ ತಪ್ಪಿದರೆ ಮಾಸ್ತರರು ಕೋಲಿನಿಂದ ನೆಲ ಕುಟ್ಟಿ ಬಯ್ಯುತ್ತಿದ್ದರು. ಪ್ರಾರ್ಥನೆಯ ಪುಸ್ತಕ ಅರ್ಧ ಮುಗಿಯುವಷ್ಟರಲ್ಲಿ ಅವರಿಗೆ ಲಕ್ವಾ ಹೊಡೆದು ಮಾತು ನಿಂತಿತು. ಉಳಿದರ್ಧ ಕಲಿಸಬಲ್ಲವರು ಬೇರೆ ಯಾರೂ ಇರಲಿಲ್ಲ.

ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಅವರ ಮಂಚದ ಸುತ್ತ ಎಲ್ಲರೂ ಕೂತರು. ಶಾಲೆಗೆ ಬರುತ್ತಿದ್ದ ನನ್ನ ಅಜ್ಜಿ ಒರಟು ಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತ ಒಂದು ಸಾಲು ಓದಿದಳು. ಮಾಸ್ತರರು ಸರಿಯೆಂಬಂತೆ ತಲೆಯಾಡಿಸಿದರು.

"ನೋಡ್ರಿ, ಅವರಿಗಿ ತಿಳೀತದ," ಎಂದಳು ಅಜ್ಜಿ.

"ಅವ್ವಾ, ಒಮ್ಮಿ ತಪ್ಪ ಓದು," ಎಂದ ಅಪ್ಪ, ಮೆಲ್ಲಗೆ.

ಅಜ್ಜಿ ಬೇಕೆಂದೇ ತಪ್ಪು ಓದಿದಳು. ಮಾಸ್ತರರು ಅದಕ್ಕೂ ನಗುಮುಖದಿಂದ ತಲೆಯಾಡಿಸಿದರು.

"ಮಾಸ್ತರ, ತಪ್ಪ ಓದಾಕತ್ತೇನ್ರಿ ನಾ! ಬಯ್ರಿ ನನಗ!" ಅಜ್ಜಿ ಅವರ ಕೈ ಹಿಡಿದು ಅಲುಗಿಸಿದಳು.

ಅವರು ಮತ್ತೆ ತಲೆಯಾಡಿಸಿದರು. ಅಜ್ಜಿ ಮೊದಲ ಪುಟಕ್ಕೆ ಮರಳಿ, ತನಗೆ ಬರುವಷ್ಟನ್ನೇ ಗಟ್ಟಿಯಾಗಿ ಓದತೊಡಗಿದಳು. ಅಳು ಬಂದಲ್ಲಿಯೂ ನಿಲ್ಲಿಸಲಿಲ್ಲ.