ಸೋರುವ ಜಾಯಿಂಟು

ಅವನ ಆಸೆಗೆಂದು ಮನೆ ಮಾರಿ, ಗಂಡ ಹೆಂಡತಿ ಕ್ಯಾಂಪರ್ ವ್ಯಾನಿನಲ್ಲೇ ಸಂಸಾರ ಹೂಡಿದ್ದರು. ಗೀಸರಿನ ಜಾಯಿಂಟು ಮಾತ್ರ ಹೊರಟ ದಿನದಿಂದ ಸೋರುತ್ತಲೇ ಇತ್ತು.

"ಇವತ್ತೂ ಸೋರಿದ್ರೆ ನಾನು ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗ್ತೀನಿ," ಎಂದಿದ್ದಳು ಅವಳು. ಬ್ಯಾಗು ಬಾಗಿಲಲ್ಲೇ ಇತ್ತು.

ಅವನು ಪೈಪಿನ ಥ್ರೆಡ್ಡಿಗೆ ಮತ್ತೆ ಬಿಳಿ ಟೇಪು ಸುತ್ತಿ, ಸ್ಪ್ಯಾನರಿನಿಂದ ಬಿಗಿದು, ನೀರು ಬಿಟ್ಟ. ಮತ್ತೆ ತೊಟ್ಟಿಕ್ಕಿತು.

"ಬ್ಯಾಂಡೇಜು ಕಟ್ಟಿದ್ದು ಸಾಕು, ಈಚೆ ಬನ್ನಿ."

ಅವಳು ಜಾಯಿಂಟು ಬಿಚ್ಚಿ, ಹಳೇ ಟೇಪು ಕಿತ್ತು, ಹೊಸದನ್ನು ಎದುರು ದಿಕ್ಕಿಗೆ ಸುತ್ತಿ ಬಿಗಿದಳು. ಒಂದು ಹನಿಯೂ ಸೋರಲಿಲ್ಲ.

ಅವನಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ, ನಾನು ಉಲ್ಟಾ ಸುತ್ತುತ್ತಿದ್ದೆನಾ! ನಿನಗೆ ಯಾವಾಗ ಗೊತ್ತಾಯ್ತೇ?"

"ಮೊದಲನೇ ದಿನವೇ," ಎಂದು ಅವಳು ಬ್ಯಾಗು ಎತ್ತಿಕೊಂಡು ವ್ಯಾನಿನಿಂದ ಇಳಿದಳು.